ಡಿಕ್ರಿ ಕೈಗೆ ಬಂತು, ದುಡ್ಡು ಬರಲಿಲ್ಲ

ದಾವೆ ಗೆದ್ದವರ ನಿಜವಾದ ಪಾಡು ತೀರ್ಪಿನ ಮರುದಿನ ಶುರುವಾಗುತ್ತದೆ. ಸಾಲಗಾರನಿಂದ ಹಣ ವಸೂಲು ಮಾಡಲು ಕಾನೂನಿನಲ್ಲಿ ದಾರಿಗಳು ಹಲವಿವೆ. ಅವನ್ನು ಬಲ್ಲವರು ಮಾತ್ರ ಕಡಿಮೆ.

ಬೆಳಿಗ್ಗೆ 11 ಗಂಟೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಚೇರಿಯೊಂದರ ಮುಂದೆ ಜನ ಸೇರಿದ್ದಾರೆ. ಕೋರ್ಟಿನ ಅಮೀನರು ವಾರಂಟು ಹಿಡಿದು ಒಳಗೆ ಹೋಗಿದ್ದಾರೆ. ಕುರ್ಚಿ, ಮೇಜು, ಕಂಪ್ಯೂಟರು ಒಂದೊಂದಾಗಿ ಹೊರಗಿನ ಜಗುಲಿಗೆ ಬರುತ್ತಿವೆ. ಸಾಹೇಬರ ಜೀಪಿನ ಬೀಗದ ಕೈಯನ್ನೂ ಕೇಳಲಾಗುತ್ತಿದೆ. ಪಕ್ಕದಲ್ಲಿ ವಕೀಲರೊಬ್ಬರು, ಅವರ ಹಿಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತ ಮುದುಕ. ಕಾಲುವೆಗೆ ಜಮೀನು ಬಿಟ್ಟುಕೊಟ್ಟು, ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗಿ ಗೆದ್ದವನು. ಗೆದ್ದು ವರ್ಷಗಳು ಉರುಳಿವೆ, ಹಣ ಬಂದಿಲ್ಲ.

ಕರ್ನಾಟಕದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂಥ ಸುದ್ದಿ ಆಗಾಗ ಬರುತ್ತದೆ. ಅಪಘಾತದ ಪರಿಹಾರ ಕೊಡದ ತಪ್ಪಿಗೆ ಸಾರಿಗೆ ಬಸ್ಸನ್ನು ನಿಲ್ದಾಣದಲ್ಲೇ ಜಪ್ತಿ ಮಾಡಿದ ಸುದ್ದಿಯೂ ಹೊಸತಲ್ಲ. ಓದಿದವರು ಮುಗುಳ್ನಕ್ಕು ಪುಟ ತಿರುಗಿಸುತ್ತಾರೆ. ಆ ಮುದುಕನಿಗೆ ಅದು ನಗುವ ವಿಷಯವಲ್ಲ. ತೀರ್ಪು ಎಂಬುದು ಕೋರ್ಟಿನ ಮೊಹರು ಬಿದ್ದ ಕಾಗದ. ಆ ಕಾಗದವನ್ನು ಹಣವಾಗಿಸುವುದು ಇನ್ನೊಂದೇ ಸಾಹಸ.

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. 1872ರಷ್ಟು ಹಿಂದೆಯೇ, ಬಿಹಾರದ ದರ್ಭಂಗಾ ಸಂಸ್ಥಾನಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದೇ ಅರ್ಥದ ಮಾತು ಹೇಳಿತ್ತು. ಭಾರತದಲ್ಲಿ ಕಕ್ಷಿದಾರನ ಕಷ್ಟಗಳು ಆರಂಭವಾಗುವುದೇ ಡಿಕ್ರಿ ಪಡೆದ ಮೇಲೆ ಎಂಬುದು ಆ ನ್ಯಾಯಮೂರ್ತಿಗಳ ಅಭಿಪ್ರಾಯ. ಅದಾಗಿ ಒಂದೂವರೆ ಶತಮಾನ ಕಳೆಯಿತು. ಇಂದಿಗೂ ನಮ್ಮ ಮೇಲಿನ ಕೋರ್ಟುಗಳು ತೀರ್ಪುಗಳಲ್ಲಿ ಆ ಮಾತನ್ನು ಮತ್ತೆ ಮತ್ತೆ ನೆನೆಯುತ್ತವೆ ಎಂದರೆ, ಕಷ್ಟ ಹಾಗೆಯೇ ಇದೆ ಎಂದಾಯಿತು.

ಗೆದ್ದ ಮೇಲಿನ ಕೋರ್ಟು

ಒಬ್ಬ ನಿವೃತ್ತ ಮೇಷ್ಟ್ರು ಎಂದಿಟ್ಟುಕೊಳ್ಳಿ. ಪರಿಚಯದ ವ್ಯಾಪಾರಿಗೆ ಪ್ರಾಮಿಸರಿ ನೋಟು ಬರೆಸಿಕೊಂಡು 4 ಲಕ್ಷ ರೂಪಾಯಿ ಕೊಟ್ಟರು. ಇವತ್ತು ನಾಳೆ ಎನ್ನುತ್ತಾ ಆತ ಎರಡು ವರ್ಷ ಅಲೆಸಿದ. ಮೇಷ್ಟ್ರು ಕೋರ್ಟು ಶುಲ್ಕ ಕಟ್ಟಿ ದಾವೆ ಹೂಡಿದರು. ವಾಯಿದೆ ಮೇಲೆ ವಾಯಿದೆ ಕಳೆದು ಕೊನೆಗೆ ತೀರ್ಪು ಅವರ ಕಡೆಗೇ ಆಯಿತು: ಅಸಲು, ಬಡ್ಡಿ, ಖರ್ಚು ಎಲ್ಲವನ್ನೂ ಕೊಡತಕ್ಕದ್ದು. ಮೇಷ್ಟ್ರು ಮನೆಗೆ ಬಂದು ದೇವರಿಗೆ ದೀಪ ಹಚ್ಚಿ, ಹಣ ಬರುತ್ತದೆಂದು ಕಾದು ಕುಳಿತರು.

ಇಲ್ಲಿಯೇ ಬಹಳ ಮಂದಿ ತಪ್ಪುವುದು. ತೀರ್ಪು ಕೊಟ್ಟ ಕೋರ್ಟು ತಾನಾಗಿ ಹಣ ವಸೂಲು ಮಾಡಿ ಮನೆಗೆ ಕಳಿಸುವುದಿಲ್ಲ. ಸೋತವನು ತಾನಾಗಿ ಕೊಡದಿದ್ದರೆ, ಗೆದ್ದವರು ಮತ್ತೆ ಅದೇ ಕೋರ್ಟಿನ ಬಾಗಿಲು ತಟ್ಟಿ ಬೇರೊಂದು ಅರ್ಜಿ ಹಾಕಬೇಕು. ಅದೇ ಅಮಲ್ಜಾರಿ ಅರ್ಜಿ. ಗೆದ್ದವರಿಗೆ ಈಗ ಹೊಸ ಹೆಸರು, ಡಿಕ್ರಿದಾರ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ಪೂರ್ತಿಯಾಗಿ ಇದಕ್ಕೇ ಮೀಸಲು. ಅದರಲ್ಲಿ ನೂರಕ್ಕೂ ಮಿಕ್ಕಿ ನಿಯಮಗಳಿವೆ.

ಅರ್ಜಿ ಹಾಕಲು ಕಾಲಮಿತಿ 12 ವರ್ಷ. ಡಿಕ್ರಿ ಜಾರಿಗೆ ಅರ್ಹವಾದ ದಿನದಿಂದ ಈ ಲೆಕ್ಕ. ಬೇಕಾದಷ್ಟು ಸಮಯವಿದೆ ಎಂದು ಸುಮ್ಮನಿರುವುದು ಜಾಣತನವಲ್ಲ. ಎರಡು ವರ್ಷ ದಾಟಿದರೆ ಮೊದಲು ಸಾಲಗಾರನಿಗೆ ನೋಟಿಸು ಹೋಗಬೇಕು; ಆ ನೋಟಿಸು ಆತನಿಗೆ ಎಚ್ಚರಿಕೆಯ ಗಂಟೆಯಾಗುತ್ತದೆ. ನಿವೇಶನ ಹೆಂಡತಿಯ ಹೆಸರಿಗೆ, ಲಾರಿ ಭಾವಮೈದುನನ ಹೆಸರಿಗೆ ಜಾರಲು ಅಷ್ಟು ಸಾಕು.

ಸೋತವನು ಮೇಲ್ಮನವಿ ಹಾಕಿದ್ದಾನೆ, ಇನ್ನೇನು ಮಾಡುವುದು ಎಂದು ಕೈಕಟ್ಟಿ ಕೂರುವವರೂ ಇದ್ದಾರೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಮೇಲಿನ ಕೋರ್ಟು ಪ್ರತ್ಯೇಕವಾಗಿ ತಡೆಯಾಜ್ಞೆ ಕೊಟ್ಟಿದ್ದರೆ ಮಾತ್ರ ಅಮಲ್ಜಾರಿ ನಿಲ್ಲಬೇಕು. ಹಣದ ಡಿಕ್ರಿಯಾದರೆ ತಡೆಯಾಜ್ಞೆ ಕೇಳುವವನು ಹಣವನ್ನು ಠೇವಣಿ ಇಡುವಂತೆಯೋ ಜಾಮೀನು ಕೊಡುವಂತೆಯೋ ಕೋರ್ಟು ಹೇಳಬಹುದು. ತನ್ನ ಮಾತು ಕೇಳದೆ ಆದೇಶ ಮಾಡಬಾರದೆಂದು ಡಿಕ್ರಿದಾರ ಮೊದಲೇ ಕೇವಿಯಟ್ ಸಲ್ಲಿಸಿಡಬಹುದು. ಅದರ ಆಯುಸ್ಸು 90 ದಿನ.

ಆಸ್ತಿ ಹುಡುಕುವವರು ಯಾರು?

ಅಮಲ್ಜಾರಿ ಅರ್ಜಿ ಓದಿದ ನ್ಯಾಯಾಧೀಶರು ಕೇಳುವ ಮೊದಲ ಪ್ರಶ್ನೆ, ‘ಏನನ್ನು ಜಪ್ತಿ ಮಾಡಬೇಕು?’ ಎಂದು. ಮೇಷ್ಟ್ರು ತಬ್ಬಿಬ್ಬಾಗುತ್ತಾರೆ. ಸಾಲಗಾರನ ಆಸ್ತಿ ಎಲ್ಲೆಲ್ಲಿದೆ, ಯಾವ ಬ್ಯಾಂಕಿನಲ್ಲಿ ಖಾತೆ ಇದೆ, ಯಾವ ಊರಿನಲ್ಲಿ ನಿವೇಶನ ಇದೆ ಎಂದು ಅವರಿಗೇನು ಗೊತ್ತು? ಕೋರ್ಟಿನ ಅಮೀನರು ಪತ್ತೇದಾರರಲ್ಲ. ಡಿಕ್ರಿದಾರ ತೋರಿಸಿದ ಸ್ವತ್ತನ್ನು ಜಪ್ತಿ ಮಾಡುವುದಷ್ಟೇ ಅವರ ಕೆಲಸ.

ಈ ಕುರುಡು ಹುಡುಕಾಟಕ್ಕೆ ಸಂಹಿತೆಯಲ್ಲೇ ಒಂದು ದೀಪವಿದೆ, 21ನೇ ಆದೇಶದ 41ನೇ ನಿಯಮ. ಸಾಲಗಾರನನ್ನು ಕೋರ್ಟಿಗೆ ಕರೆಸಿ, ‘ನಿನಗೆ ಬರಬೇಕಾದ ಬಾಕಿ ಏನಿದೆ, ಆಸ್ತಿ ಏನಿದೆ’ ಎಂದು ಪ್ರಮಾಣ ಮಾಡಿಸಿ ಕೇಳಬಹುದು. ಆಸ್ತಿ ವಿವರದ ಪ್ರಮಾಣಪತ್ರ ಸಲ್ಲಿಸುವಂತೆ ಆದೇಶಿಸಬಹುದು. ಆದೇಶಕ್ಕೆ ಬಗ್ಗದವನನ್ನು 3 ತಿಂಗಳವರೆಗೆ ಸಿವಿಲ್ ಜೈಲಿನಲ್ಲಿ ಇಡುವ ಅಧಿಕಾರವೂ ಕೋರ್ಟಿಗುಂಟು. ಇಷ್ಟು ಹರಿತವಾದ ಆಯುಧವನ್ನು ಕೇಳಿ ಪಡೆಯುವ ಡಿಕ್ರಿದಾರರು ಮಾತ್ರ ವಿರಳ.

ಆಸ್ತಿ ಬೇರೆ ಊರಿನಲ್ಲಿದ್ದರೆ? ತುಮಕೂರಿನ ಕೋರ್ಟು ಬೆಂಗಳೂರಿನ ನಿವೇಶನವನ್ನು ತಾನೇ ಹರಾಜು ಹಾಕುವಂತಿಲ್ಲ. ತನ್ನ ಗಡಿಯಾಚೆಗೆ ಅದರ ಕೈ ಚಾಚದು. ಡಿಕ್ರಿಯನ್ನು ಆ ಊರಿನ ಕೋರ್ಟಿಗೆ ವರ್ಗಾಯಿಸಲು ಕೇಳಬೇಕು. ಸಮುದ್ರದಾಚೆಯ ತೀರ್ಪೂ ಹೀಗೆ ಬರಬಹುದು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಂಯುಕ್ತ ಅರಬ್ ಸಂಸ್ಥಾನವನ್ನು 44-ಎ ಕಲಮಿನ ಪಟ್ಟಿಗೆ ಸೇರಿಸಿತು. ಅಲ್ಲಿನ ಸಿವಿಲ್ ಕೋರ್ಟು ಕೊಟ್ಟ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಹಾಜರುಪಡಿಸಿ, ಇಲ್ಲಿಯದೇ ಡಿಕ್ರಿಯಂತೆ ಜಾರಿಗೆ ಕೇಳಬಹುದು. ದುಬೈಯಲ್ಲಿ ಸಾಲ ಮಾಡಿ ಊರು ಸೇರಿದರೆ ಮುಗಿಯಿತು ಎಂಬ ಕರಾವಳಿಯ ಹಳೆಯ ಲೆಕ್ಕ ಈಗ ನಡೆಯದು.

ಸಾಲಗಾರ ತೀರಿಕೊಂಡರೂ ಡಿಕ್ರಿ ಸಾಯುವುದಿಲ್ಲ. ವಾರಸುದಾರರ ಮೇಲೆ ಅದನ್ನು ಜಾರಿ ಮಾಡಬಹುದು. ಆದರೆ ಸತ್ತವನಿಂದ ಅವರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಅಪ್ಪನ ಸಾಲಕ್ಕೆ ಮಗನ ಸ್ವಂತ ದುಡಿಮೆಗೆ ಕೈಹಾಕುವಂತಿಲ್ಲ.

ಸಂಬಳದ ಲೆಕ್ಕ

ಎಲ್ಲಕ್ಕಿಂತ ಸುಲಭದ ವಸೂಲಿ ಎಂದರೆ ಸಂಬಳದ ಜಪ್ತಿ. ಸರ್ಕಾರಿ ನೌಕರನಾಗಲಿ ಖಾಸಗಿ ಕಂಪನಿಯವನಾಗಲಿ, ಸಂಬಳ ಬಟವಾಡೆ ಮಾಡುವವರಿಗೆ ಕೋರ್ಟಿನ ಆದೇಶ ಹೋಗುತ್ತದೆ. ಅವರು ತಿಂಗಳು ತಿಂಗಳೂ ಹಣ ಮುರಿದು ಕೋರ್ಟಿಗೆ ಕಳಿಸಬೇಕು.

ಎಷ್ಟು ಮುರಿಯಬಹುದು? ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 31,000 ರೂಪಾಯಿ ಎಂದಾದರೆ 1,000 ಬಿಟ್ಟು ಉಳಿದ 30,000ದಲ್ಲಿ 20,000 ನೌಕರನ ಮನೆಗೆ, 10,000 ಡಿಕ್ರಿಗೆ. ಇದೂ ಕೊನೆಯಿಲ್ಲದೆ ನಡೆಯುವುದಿಲ್ಲ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಮುರಿದಾದ ಮೇಲೆ ಆ ಡಿಕ್ರಿಯ ಮಟ್ಟಿಗೆ ಸಂಬಳ ಶಾಶ್ವತವಾಗಿ ಬಿಡುಗಡೆ. ಅಂದರೆ ಮೇಲಿನ ಲೆಕ್ಕದಲ್ಲಿ ಬರುವುದು 2,40,000 ರೂಪಾಯಿ. 4 ಲಕ್ಷದ ಡಿಕ್ರಿ ಸಂಬಳವೊಂದರಿಂದಲೇ ತೀರದು. ಬೇರೆ ಆಸ್ತಿಯನ್ನೂ ನೋಡಬೇಕು. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಮಾತ್ರ ನಿಯಮ ಬೇರೆ. ಅಲ್ಲಿ ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ರಕ್ಷಣೆ. ಹೊಟ್ಟೆಯ ಸಾಲ ವ್ಯಾಪಾರದ ಸಾಲಕ್ಕಿಂತ ದೊಡ್ಡದು ಎಂದು ಕಾನೂನು ಒಪ್ಪಿಕೊಂಡಂತೆ.

ಸಾಲಗಾರನಿಗೆ ಇನ್ನೊಬ್ಬರಿಂದ ಬರಬೇಕಾದ ಹಣವನ್ನೂ ಹಿಡಿಯಬಹುದು. ಬ್ಯಾಂಕಿನಲ್ಲಿರುವ ಠೇವಣಿ, ಬಾಡಿಗೆದಾರ ಕೊಡಬೇಕಾದ ಬಾಡಿಗೆ, ಗುತ್ತಿಗೆ ಕೆಲಸದ ಬಾಕಿ ಬಿಲ್ಲು, ಹೀಗೆ. ‘ಆ ಹಣವನ್ನು ಅವನಿಗೆ ಕೊಡಬೇಡಿ, ಕೋರ್ಟಿಗೆ ಕಟ್ಟಿ’ ಎಂದು ಆ ಮೂರನೆಯವರಿಗೆ ನೋಟಿಸು ಹೋಗುತ್ತದೆ. ಊರೂರು ಅಲೆದು ಟಿ.ವಿ., ಸೋಫಾ ಜಪ್ತಿ ಮಾಡಿಸುವುದಕ್ಕಿಂತ ಒಂದು ಬ್ಯಾಂಕ್ ಖಾತೆಯ ವಿವರ ಕೈಗೆ ಸಿಕ್ಕರೆ ಹೆಚ್ಚು ಕೆಲಸವಾಗುತ್ತದೆ.

ಡಂಗುರದಿಂದ ಹರಾಜಿನವರೆಗೆ

ಮನೆ, ನಿವೇಶನ, ಜಮೀನಿನ ದಾರಿ ಇನ್ನೂ ಉದ್ದ. ಮೊದಲು ಜಪ್ತಿಯ ಆದೇಶ. ಸ್ವತ್ತಿನ ಬಳಿ ಡಂಗುರ ಹೊಡೆಸಿ ಅಥವಾ ಊರಿನ ರೂಢಿಯಂತೆ ಸಾರಿ, ಆದೇಶದ ಪ್ರತಿಯನ್ನು ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು ಎನ್ನುತ್ತದೆ ನಿಯಮ. ಜಪ್ತಿಯಾದ ಮೇಲೆ ಸಾಲಗಾರ ಆ ಸ್ವತ್ತನ್ನು ಬೇರೆಯವರಿಗೆ ಮಾರಿದರೆ ಡಿಕ್ರಿದಾರನ ಮಟ್ಟಿಗೆ ಆ ಮಾರಾಟ ನಿಲ್ಲುವುದಿಲ್ಲ. ಆಮೇಲೆ ಹರಾಜಿನ ಘೋಷಣೆ. ಘೋಷಣೆ ಅಂಟಿಸಿ ಕನಿಷ್ಠ 15 ದಿನ ಕಳೆಯುವ ಮೊದಲು ಸಾಲಗಾರನ ಒಪ್ಪಿಗೆಯಿಲ್ಲದೆ ಹರಾಜು ನಡೆಸುವಂತಿಲ್ಲ. ಕೂಗಿದವನು ಅಲ್ಲೇ ಶೇ. 25 ಕಟ್ಟಬೇಕು, ಬಾಕಿಯನ್ನು 15 ದಿನದೊಳಗೆ ತುಂಬಬೇಕು. ಡಿಕ್ರಿದಾರ ತಾನೇ ಕೂಗಬೇಕಾದರೆ ಕೋರ್ಟಿನ ಅಪ್ಪಣೆ ಬೇಕು.

ಸಾಲಗಾರನಿಗೂ ಕಾನೂನು ಕೊನೆಯ ಗಳಿಗೆಯವರೆಗೆ ಬಾಗಿಲು ತೆರೆದಿಟ್ಟಿದೆ. ಹರಾಜಿನ ಕೊನೆಯ ಕೂಗು ಮುಗಿಯುವ ಮುನ್ನ ಹಣ ಕಟ್ಟಿದರೆ ಹರಾಜು ಅಲ್ಲಿಗೇ ನಿಲ್ಲಬೇಕು. ಹರಾಜಾದ ಮೇಲೂ 60 ದಿನದೊಳಗೆ ಡಿಕ್ರಿಯ ಹಣವನ್ನೂ, ಕೊಂಡವನ ಸಮಾಧಾನಕ್ಕೆ ಹರಾಜು ಬೆಲೆಯ ಶೇ. 5ನ್ನೂ ಕಟ್ಟಿ ಆಸ್ತಿ ಉಳಿಸಿಕೊಳ್ಳಬಹುದು.

ಇನ್ನೊಂದು ರಕ್ಷಣೆಯೂ ಉಂಟು. ಡಿಕ್ರಿ ತೀರಲು ಎಷ್ಟು ಬೇಕೋ ಅಷ್ಟು ಭಾಗವನ್ನು ಮಾತ್ರ ಮಾರಬೇಕು. ಆಂಧ್ರ ಪ್ರದೇಶದ ಪ್ರಕರಣವೊಂದರಲ್ಲಿ ಸುಮಾರು 2,400 ರೂಪಾಯಿಯ ಡಿಕ್ರಿಗಾಗಿ 10 ಎಕರೆ ಜಮೀನನ್ನು 17,000 ರೂಪಾಯಿಗೆ ಹರಾಜು ಹಾಕಲಾಗಿತ್ತು. 1989ರಲ್ಲಿ ಸುಪ್ರೀಂ ಕೋರ್ಟು ಆ ಹರಾಜನ್ನು ರದ್ದುಪಡಿಸಿತು. ಒಂದಿಷ್ಟು ಭಾಗ ಮಾರಿದರೆ ಸಾಲ ತೀರುತ್ತದೆಯೇ ಎಂದು ಯೋಚಿಸುವುದು ಕೋರ್ಟಿನ ಇಚ್ಛೆಗೆ ಬಿಟ್ಟ ಮಾತಲ್ಲ, ಅದರ ಕರ್ತವ್ಯ ಎಂದು ಹೇಳಿತು.

ಮುಟ್ಟಬಾರದ ಪಾತ್ರೆ

ಸಂಹಿತೆಯ 60ನೇ ಕಲಮನ್ನು ಓದುವಾಗ, ಒಣ ಕಾನೂನಿನ ನಡುವೆ ಯಾರೋ ಬಡವರ ಮನೆಯ ಒಳಗೆ ಬಂದು ಕಣ್ಣಾಡಿಸಿದ್ದಾರೆ ಎನಿಸುತ್ತದೆ. ಜಪ್ತಿ ಮಾಡಬಾರದ ವಸ್ತುಗಳ ಪಟ್ಟಿ ಅದರಲ್ಲಿದೆ. ಸಾಲಗಾರ, ಅವನ ಹೆಂಡತಿ, ಮಕ್ಕಳು ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ, ಅಂದರೆ ತಾಳಿಯಂಥದು. ಕುಶಲಕರ್ಮಿಯ ಉಪಕರಣ. ಬೇಸಾಯಗಾರನ ನೇಗಿಲು, ಬದುಕಿಗೆ ಬೇಕಾದ ಎತ್ತು, ಬಿತ್ತನೆಯ ಬೀಜ. ಬೇಸಾಯಗಾರ, ಕೂಲಿಗಾರ, ಮನೆಗೆಲಸದವರು ವಾಸಿಸುವ ಸ್ವಂತ ಮನೆ. ಕೂಲಿಯವನ ಕೂಲಿ. ಸರ್ಕಾರಿ ನಿವೃತ್ತರ ಪಿಂಚಣಿ. ಭವಿಷ್ಯ ನಿಧಿ. ಜೀವ ವಿಮೆಯ ಹಣ.

‘ಈ ರಕ್ಷಣೆ ನನಗೆ ಬೇಡ’ ಎಂದು ಸಾಲ ಪಡೆಯುವಾಗಲೇ ಬರೆಸಿಕೊಂಡರೆ? ಅಂಥ ಒಪ್ಪಂದಕ್ಕೆ ಬೆಲೆಯಿಲ್ಲ ಎಂದೂ ಕಾನೂನು ಹೇಳಿದೆ. ಕಷ್ಟದಲ್ಲಿರುವವನು ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಾನೆ ಎಂಬುದು ಕಾನೂನು ಮಾಡಿದವರಿಗೆ ಗೊತ್ತಿತ್ತು.

ಅಮೀನರ ನಡವಳಿಕೆಗೂ ಕಟ್ಟುಪಾಡಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ ಜಪ್ತಿಗೋ ದಸ್ತಗಿರಿಗೋ ವಾಸದ ಮನೆಗೆ ಕಾಲಿಡುವಂತಿಲ್ಲ. ದಸ್ತಗಿರಿಗೆಂದು ಬಂದಾಗ ಸಾಲಗಾರ ಹಣವನ್ನು ಅಲ್ಲೇ ಎಣಿಸಿ ಕೊಟ್ಟರೆ ಅವನನ್ನು ಆ ಕ್ಷಣವೇ ಬಿಡಬೇಕು.

ಹಿಂದೆ ಸಾಲ ಕೊಟ್ಟವನು ಸಾಲಗಾರನ ಬಾಗಿಲಲ್ಲಿ ಅನ್ನ ನೀರು ಬಿಟ್ಟು ಧರಣಿ ಕೂರುವ ಪದ್ಧತಿ ದೇಶದ ಹಲವೆಡೆ ಇತ್ತು. ದೈವದ ಶಾಪ ತಟ್ಟುತ್ತದೆಂದು ಹೆದರಿಸಲು ಹಾಗೆ ಕೂರುವುದನ್ನು 1860ರ ಭಾರತ ದಂಡ ಸಂಹಿತೆ ಅಪರಾಧದ ಉದಾಹರಣೆಯಾಗಿಯೇ ಕೊಟ್ಟಿತ್ತು. ಇಂದು ಬಾಗಿಲ ಮುಂದೆ ಕೂರುವವರು ಬೇರೆ. ಬೈಕಿನಲ್ಲಿ ಬಂದು ಬೆದರಿಸುವ ವಸೂಲಿಗಾರರು. ಅಂಥವರ ಕಾಟ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಕಿರುಸಾಲಗಳ ಬಗ್ಗೆ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ ಅದು ಗೊತ್ತುಪಡಿಸಿದ ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಕೋರ್ಟಿನ ದಾರಿ ನಿಧಾನ ಎಂದು ಅಡ್ಡದಾರಿ ಹಿಡಿದರೆ ಗೆಲ್ಲಬೇಕಾದವನೇ ಆರೋಪಿಯಾಗುತ್ತಾನೆ.

ಜೈಲು: ಕೊನೆಯ ಬಾಣ

‘ಅವನನ್ನು ಒಳಗೆ ಹಾಕಿಸಿ ಸ್ವಾಮಿ, ಹಣ ತಾನಾಗಿ ಬರುತ್ತೆ’ ಎಂದು ವಕೀಲರನ್ನು ಕಾಡುವ ಕಕ್ಷಿದಾರರು ಬಹಳ. ಸಾಲ ಕೊಡದವನನ್ನು ಸಿವಿಲ್ ಜೈಲಿಗೆ ಕಳಿಸಲು ಅವಕಾಶವೇನೋ ಇದೆ. ಡಿಕ್ರಿ 5,000 ರೂಪಾಯಿ ಮೀರಿದ್ದರೆ 3 ತಿಂಗಳವರೆಗೆ. 2,000 ದಾಟಿ 5,000ದವರೆಗೆ ಇದ್ದರೆ 6 ವಾರದವರೆಗೆ. 2,000 ಅಥವಾ ಅದಕ್ಕಿಂತ ಕಡಿಮೆಯಾದರೆ ಜೈಲಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ಶಾಸಕರಿಗೆ, ಸಂಸದರಿಗೆ ಸದನದ ಅಧಿವೇಶನ ನಡೆಯುವಾಗಲೂ ಅದರ ಹಿಂದು ಮುಂದಿನ 40 ದಿನಗಳಲ್ಲೂ ಸಿವಿಲ್ ದಸ್ತಗಿರಿಯಿಂದ ವಿನಾಯಿತಿ ಇದೆ.

ಮೇಷ್ಟ್ರಿಗೆ ಅಚ್ಚರಿಯಾಗುವ ಸಂಗತಿ ಇನ್ನೊಂದು. ಸಾಲಗಾರ ಜೈಲಿನಲ್ಲಿದ್ದಷ್ಟು ದಿನ ಅವನ ಊಟದ ಭತ್ಯೆಯನ್ನು ಮುಂಗಡವಾಗಿ ಕಟ್ಟಬೇಕಾದವರು ಡಿಕ್ರಿದಾರರೇ. ಕಟ್ಟುವುದು ತಪ್ಪಿದರೆ ಅವನ ಬಿಡುಗಡೆ. ಜೈಲಿನಿಂದ ಬಂದ ಮಾತ್ರಕ್ಕೆ ಸಾಲ ತೀರಿತೆಂದಲ್ಲ. ಆಸ್ತಿಯ ಮೇಲಿನ ಹಕ್ಕು ಹಾಗೆಯೇ ಇರುತ್ತದೆ. ಆದರೆ ಅದೇ ಡಿಕ್ರಿಗೆ ಅವನನ್ನು ಎರಡನೇ ಸಲ ಹಿಡಿಯುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ತಡೆ 1936ರಲ್ಲಿ 51ನೇ ಕಲಮಿಗೆ ಸೇರಿತು. ಜೈಲಿಗೆ ಕಳಿಸುವ ಮುನ್ನ ಸಾಲಗಾರನ ಮಾತು ಕೇಳಬೇಕು. ಆತ ಓಡಿಹೋಗುವವನಿದ್ದಾನೆ, ಇಲ್ಲವೇ ಮೋಸದಿಂದ ಆಸ್ತಿ ದಾಟಿಸಿದ್ದಾನೆ, ಇಲ್ಲವೇ ಡಿಕ್ರಿಯ ನಂತರ ಕೊಡುವ ಶಕ್ತಿ ಇದ್ದೂ ಕೊಡದೆ ಉಳಿದಿದ್ದಾನೆ ಎಂಬಂಥ ಕಾರಣವನ್ನು ಕೋರ್ಟು ಬರೆದು ದಾಖಲಿಸಬೇಕು.

ಇದರ ತಿರುಳನ್ನು ಬಿಡಿಸಿ ಹೇಳಿದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. 1980ರ ಫೆಬ್ರುವರಿಯಲ್ಲಿ, ಕೇರಳದ ಬ್ಯಾಂಕೊಂದರ ಸಾಲದ ಪ್ರಕರಣದಲ್ಲಿ ಅವರು ಬರೆದ ತೀರ್ಪಿನ ಸಾರ ಇಷ್ಟು: ಬಡತನ ಅಪರಾಧವಲ್ಲ. ಹಣ ಕೊಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಮನುಷ್ಯನನ್ನು ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ಒಪ್ಪುವುದಿಲ್ಲ. ಕೊಡುವ ಶಕ್ತಿಯ ಜೊತೆಗೆ ಕೊಡಬಾರದೆಂಬ ಕೆಟ್ಟ ಬುದ್ಧಿಯೂ ಇರಬೇಕು.

ಇಡೀ ಅಮಲ್ಜಾರಿ ಕಾನೂನಿನ ಹೃದಯ ಇಲ್ಲಿದೆ. ಸಾಲಗಾರರಲ್ಲಿ ಎರಡು ಜಾತಿ, ಕೊಡಲಾರದವನು ಮತ್ತು ಕೊಡಲೊಲ್ಲದವನು. ಮೊದಲನೆಯವನಿಗೆ ಪಾತ್ರೆ, ನೇಗಿಲು, ಕಂತಿನ ಅವಕಾಶ. ಎರಡನೆಯವನಿಗೆ ಜಪ್ತಿ, ಹರಾಜು, ಜೈಲು. ಕಷ್ಟವೆಂದರೆ ಎರಡನೆಯವನು ಕೋರ್ಟಿಗೆ ಬರುವಾಗ ಮೊದಲನೆಯವನ ವೇಷ ಹಾಕಿಕೊಂಡೇ ಬರುತ್ತಾನೆ.

ಅಡ್ಡಗಾಲು

ವೇಷಗಳು ಹಲವು ಬಗೆ. ಹರಾಜಿನ ದಿನ ಹತ್ತಿರವಾದಾಗ ಹೆಂಡತಿ ಬಂದು ‘ಆ ಮನೆ ನನ್ನದು’ ಎನ್ನುತ್ತಾಳೆ. ಮಗ ಬಂದು ‘ಇದು ಪಿತ್ರಾರ್ಜಿತ, ನನಗೂ ಪಾಲಿದೆ’ ಎಂದು ಬೇರೆ ದಾವೆ ಹೂಡುತ್ತಾನೆ. ಇವುಗಳಲ್ಲಿ ನಿಜವಾದ ಹಕ್ಕಿನ ತಕರಾರೂ ಇರುತ್ತದೆ, ಹೇಳಿಕೊಟ್ಟು ಕಳಿಸಿದ ತಕರಾರೂ ಇರುತ್ತದೆ. ಜಪ್ತಿಗೆ ಬಂದ ತಕರಾರನ್ನು, ಸ್ವಾಧೀನಕ್ಕೆ ಬಂದ ಅಡ್ಡಿಯನ್ನು ಅಮಲ್ಜಾರಿ ಕೋರ್ಟೇ ವಿಚಾರಿಸಿ ತೀರ್ಮಾನಿಸಬೇಕು. ಬೇರೆ ದಾವೆಗೆ ಅಟ್ಟುವ ಹಾಗಿಲ್ಲ. ಆದರೆ ಆ ವಿಚಾರಣೆಯೇ ಒಂದು ಹೊಸ ದಾವೆಯಷ್ಟು ಬೆಳೆಯುವುದುಂಟು.

ಆದ್ದರಿಂದ ಬೀಗವನ್ನು ಮೊದಲೇ ಹಾಕುವುದು ಮೇಲು. ದಾವೆ ನಡೆಯುತ್ತಿರುವಾಗಲೇ ಎದುರಾಳಿ ಆಸ್ತಿ ಮಾರಿ ಜಾರಿಕೊಳ್ಳುವ ಸೂಚನೆ ಸಿಕ್ಕರೆ ತೀರ್ಪಿಗೆ ಮುನ್ನವೇ ಜಪ್ತಿ ಕೇಳಲು 38ನೇ ಆದೇಶದಲ್ಲಿ ಅವಕಾಶವಿದೆ. ಸಾಲಿಗರನ್ನು ವಂಚಿಸಲೆಂದೇ ಮಾಡಿದ ವರ್ಗಾವಣೆಯನ್ನು ಪ್ರಶ್ನಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 53ನೇ ಕಲಮು ಇದೆ.

ಸಾಲಗಾರರು ಮಾಡುವ ಒಂದು ತಪ್ಪನ್ನೂ ಹೇಳಬೇಕು. ಡಿಕ್ರಿಯಾದ ಮೇಲೆ ಕೋರ್ಟಿನ ಹೊರಗೆ ಕೈಗೆ ಕೈ ಹಣ ಕೊಟ್ಟು, ಪರಿಚಯದವರೆಂದು ನಂಬಿ ಸುಮ್ಮನಾಗುತ್ತಾರೆ. ಕೋರ್ಟಿನಲ್ಲಿ ದಾಖಲಾಗದ ಇಂಥ ಪಾವತಿಯನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲಗಾರ ಅದನ್ನು ದಾಖಲಿಸಲು ಅರ್ಜಿ ಹಾಕಬೇಕಾದ ಗಡುವು 30 ದಿನ. ಗಡುವು ಮೀರಿದರೆ ಕೊಟ್ಟದ್ದನ್ನೇ ಮತ್ತೊಮ್ಮೆ ಕೊಡುವ ಪಾಡು ಬಂದೀತು.

ಆರು ತಿಂಗಳ ಗಡುವು

ಈ ವಿಳಂಬದ ಕಥೆಗೆ ಕೊನೆ ಹಾಡುವ ಯತ್ನ ಆರಂಭವಾದದ್ದು ಕರ್ನಾಟಕದ್ದೇ ಒಂದು ಪ್ರಕರಣದಿಂದ. ಬೆಂಗಳೂರಿನ ಮೈಸೂರು ರಸ್ತೆಯ ಸ್ವತ್ತೊಂದರ ಡಿಕ್ರಿ ವರ್ಷಗಟ್ಟಲೆ ಜಾರಿಯಾಗದೆ ಅರ್ಜಿಯ ಮೇಲೆ ಅರ್ಜಿಯಲ್ಲಿ ಸಿಕ್ಕಿಬಿದ್ದಿತ್ತು. 2021ರ ಏಪ್ರಿಲ್ 22ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೊಬ್ಡೆ ಅವರ ಪೀಠ ಅದನ್ನು ಇತ್ಯರ್ಥಪಡಿಸುತ್ತಾ ದೇಶದ ಎಲ್ಲ ಸಿವಿಲ್ ಕೋರ್ಟುಗಳಿಗೂ ಸೂಚನೆಗಳ ಪಟ್ಟಿಯನ್ನೇ ಕೊಟ್ಟಿತು. ಅಮಲ್ಜಾರಿ ಅರ್ಜಿ ಸಲ್ಲಿಸಿದ 6 ತಿಂಗಳೊಳಗೆ ಮುಗಿಯಬೇಕು. ಮೀರಿದರೆ ಕಾರಣ ಬರೆದಿಡಬೇಕು. ಹಣದ ದಾವೆಯಲ್ಲಿ ಆರಂಭದಲ್ಲೇ ಪ್ರತಿವಾದಿಯಿಂದ ಆಸ್ತಿ ವಿವರ ಪಡೆಯಬಹುದು. ಮೂರನೆಯವರ ತಕರಾರಿಗೆ ಯಾಂತ್ರಿಕವಾಗಿ ನೋಟಿಸು ಹೊರಡಿಸಬಾರದು. ಅಗತ್ಯ ಬಿದ್ದರೆ ಪೊಲೀಸರ ನೆರವು ಕೊಡಿಸಬೇಕು.

ಸೂಚನೆ ಬಂತು, ಕಡತಗಳು ಕದಲಲಿಲ್ಲ. 2025ರ ಮಾರ್ಚ್ 6ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಇನ್ನೊಂದು ಪ್ರಕರಣದಲ್ಲಿ ಎಲ್ಲ ಹೈಕೋರ್ಟುಗಳಿಂದ ಬಾಕಿಯ ಲೆಕ್ಕ ಕೇಳಿತು. ಆ ಮೂಲ ದಾವೆ ಹೂಡಿದ್ದು 1986ರಲ್ಲಿ! ಅದೇ ವರ್ಷದ ಅಕ್ಟೋಬರಿನಲ್ಲಿ ಲೆಕ್ಕ ಮುಂದೆ ಬಂದಾಗ ದೇಶದಲ್ಲಿ ಬಾಕಿ ಇದ್ದ ಅಮಲ್ಜಾರಿ ಅರ್ಜಿಗಳು 8,82,578. ಮಾರ್ಚ್ ಆದೇಶದ ನಂತರದ 6 ತಿಂಗಳಲ್ಲಿ ಇತ್ಯರ್ಥವಾದವು 3,38,685. ಮಹಾರಾಷ್ಟ್ರ ಒಂದರಲ್ಲೇ 3.4 ಲಕ್ಷಕ್ಕೂ ಹೆಚ್ಚು ಬಾಕಿ. ಕರ್ನಾಟಕದಿಂದ ಅಗತ್ಯ ಅಂಕಿಅಂಶ ಬಂದಿಲ್ಲವೆಂದು ಸುಪ್ರೀಂ ಕೋರ್ಟು ಆಗ ವಿವರಣೆ ಕೇಳಿತ್ತು.

ಸಂಖ್ಯೆ ಓದಿ ಕೈಬಿಡುವುದು ಸುಲಭ. ಆದರೆ ಅದರಲ್ಲಿ ಪ್ರತಿಯೊಂದೂ ಗೆದ್ದವರ ಅರ್ಜಿ ಎಂಬುದನ್ನು ಮರೆಯಬಾರದು. ತಮ್ಮ ಮಾತು ಸರಿಯೆಂದು ಕೋರ್ಟಿನಲ್ಲೇ ಸಾಧಿಸಿ ತೋರಿಸಿದವರು ಅವರು. ಬ್ಯಾಂಕುಗಳಿಗೆ ಅಡವು ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಸ್ವಾಧೀನಕ್ಕೆ ಪಡೆಯಲು 2002ರ ಸರ್ಫೇಸಿ ಕಾಯ್ದೆ ಇದೆ. ಕೈಗಡ ಕೊಟ್ಟ ಮೇಷ್ಟ್ರಿಗೆ, ಪರಿಹಾರ ಕಾಯುವ ರೈತನಿಗೆ ಅಂಥ ಹೆದ್ದಾರಿ ಇಲ್ಲ. ಅವರದು ಅಮಲ್ಜಾರಿಯ ಕಾಲುದಾರಿಯೇ.

ಮೇಷ್ಟ್ರಿಗೆ ತಿಳಿದವರು ಹೇಳುವ ಬುದ್ಧಿಮಾತು ಬಹಳ ಸರಳ. ಸಾಲ ಕೊಡುವಾಗಲೇ ಸಾಲಗಾರನ ಆಸ್ತಿ, ಬ್ಯಾಂಕು, ಉದ್ಯೋಗದ ವಿವರ ಬರೆದಿಟ್ಟುಕೊಳ್ಳಿ. ಡಿಕ್ರಿಯ ಪ್ರಮಾಣಿತ ನಕಲನ್ನು ತಡಮಾಡದೆ ಪಡೆದು ಅಮಲ್ಜಾರಿ ಹಾಕಿ. ಮೊದಲು ಆಸ್ತಿ ವಿವರದ ಪ್ರಮಾಣಪತ್ರ ಕೇಳಿ, ಜೈಲು ಆಮೇಲೆ. ಎದುರಾಳಿ ನಿಜಕ್ಕೂ ಕಷ್ಟದಲ್ಲಿದ್ದರೆ ಕಂತಿಗೆ ಒಪ್ಪಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೂ ಡಿಕ್ರಿಯ ಬಲವೇ ಇರುತ್ತದೆ, ಮೇಲ್ಮನವಿಯ ತಲೆನೋವು ಇರುವುದಿಲ್ಲ.

ಇನ್ನು ಆ ಸರ್ಕಾರಿ ಕಚೇರಿ. ಸರ್ಕಾರದ ಮೇಲಿನ ಡಿಕ್ರಿಯನ್ನು ಜಾರಿ ಮಾಡುವ ಮುನ್ನ 3 ತಿಂಗಳು ಕಾಯಬೇಕೆಂದು 82ನೇ ಕಲಮು ಹೇಳುತ್ತದೆ. ಸರ್ಕಾರ ಕೊಡಲಾರದ ಸಾಲಗಾರನಲ್ಲ. ಅದಕ್ಕೆ ಕಾಗದ ಓಡಾಡಲು ಸಮಯ ಬೇಕು ಎಂದು ಕಾನೂನು ನಂಬಿದೆ. ಮುದುಕ ಕಾದದ್ದು ವರ್ಷಗಟ್ಟಲೆ. ಜಗುಲಿಯ ಮೇಲೆ ಸಾಲಾಗಿ ನಿಂತ ಕುರ್ಚಿಗಳನ್ನು ಮಾರಿದರೆ ಅವನ ಪರಿಹಾರದ ಒಂದಂಶವೂ ಬರಲಿಕ್ಕಿಲ್ಲ. ಆದರೆ ಅಷ್ಟು ಹೊತ್ತಿಗೆ ಒಳಗೆ ಫೋನುಗಳು ಹಾರಾಡತೊಡಗುತ್ತವೆ. ಒಂದು ವಾರದ ಸಮಯ ಕೊಡಿ ಎಂದು ಅಧಿಕಾರಿಗಳು ವಕೀಲರನ್ನು ಕೇಳುತ್ತಾರೆ. ಕಡತ ಎಲ್ಲಿದೆ ಎಂದು ಮೊದಲ ಬಾರಿಗೆ ಯಾರೋ ಹುಡುಕುತ್ತಾರೆ.

ಮುದುಕ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾನೆ. ಹೊರಗೆ ಬಂದ ಕುರ್ಚಿಗಳಲ್ಲೊಂದನ್ನು ಯಾರೋ ಅವನತ್ತ ಸರಿಸಿ ಕೂರಲು ಹೇಳುತ್ತಾರೆ. ಕೂರಬಹುದೋ ಬಾರದೋ ಎಂದು ಅವನು ವಕೀಲರ ಮುಖ ನೋಡುತ್ತಾನೆ.